ವೈರು ಎಷ್ಟುದ್ದವೋ ಅಷ್ಟೇ ದೂರ: ಸುರುಳಿ ವೈರಿನ ಫೋನ್ ಬಳಸಿ ನೋಡಿದ್ದು

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಕೂತು ಅರ್ಧ ಗಂಟೆ ಮಾತಾಡಬೇಕು ಅನ್ನಿಸುವಂಥ ಒಬ್ಬರಾದರೂ ನಿಮಗಿದ್ದರೆ, ವೈರು ಇರುವ ಫೋನ್ ಒಂದನ್ನು ಮನೆಗೆ ತನ್ನಿ. ಕಾರ್ಡ್‌ಲೆಸ್ ಅಲ್ಲ. ರಿಸೀವರ್‌ನಿಂದ ಫೋನಿಗೆ ಸುರುಳಿ ವೈರು, ಫೋನಿನಿಂದ ಗೋಡೆಗೋ ಮೋಡೆಮ್ಮಿಗೋ ಇನ್ನೊಂದು ವೈರು ಇರಬೇಕು, ಅಂಥದ್ದು. ಶೆಲ್ಫಿನ ಮೇಲೆ ಚೆಂದಕ್ಕೆ ಇಡೋಣ ಅಂತಿದ್ದರೆ ಮಾತ್ರ ಬೇಡ. ಅದು ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂರುತ್ತದೆ ಅಷ್ಟೇ.

ನನಗೆ 25 ವರ್ಷ. ಮನೆಯಿಂದಲೇ ಕೆಲಸ, ವೀಡಿಯೊಗಳಿಗೆ ಸಬ್‌ಟೈಟಲ್ ಹಾಕುತ್ತೇನೆ. ದಿನವಿಡೀ ಕಿವಿಗೆ ಹೆಡ್‌ಫೋನ್, ಕಣ್ಣೆದುರಿಗೆ ಸ್ಕ್ರೀನ್. ಯಾರ ಮಾತು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಅಂತ ಗುರುತು ಹಾಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಮಾತಿನ ನಡುವೆ ಬರುವ ಸಣ್ಣ ಸಣ್ಣ ಬಿಡುವುಗಳು ನನಗೆ ಬೇಗ ಗೊತ್ತಾಗುತ್ತವೆ. ಮೊಬೈಲಿನಲ್ಲಿ ಗೆಳತಿಯ ಜೊತೆ ಮಾತಾಡುವಾಗ ಆ ಬಿಡುವುಗಳು ಹೇಗೆ ಹಿಗ್ಗುತ್ತವೆ ಅನ್ನುವುದನ್ನು ವರ್ಷಗಳಿಂದ ಕೇಳಿಸಿಕೊಂಡಿದ್ದೇನೆ. ನಾನು ಏನೋ ಹೇಳುತ್ತೇನೆ. ಆ ಕಡೆಯಿಂದ ಸ್ವಲ್ಪ ತಡವಾಗಿ "ಹಾಂ..." ಅಂತ ಬರುತ್ತದೆ. ಅವಳು ಬೇರೇನೋ ನೋಡುತ್ತಿದ್ದಾಳೆ ಅಂತ ಆ "ಹಾಂ"ನಲ್ಲೇ ತಿಳಿಯುತ್ತದೆ. ತಪ್ಪು ಅವಳದಲ್ಲ. ಕೈಯಲ್ಲಿರುವ ಯಂತ್ರವೇ ಹಾಗೆ. ಮಾತಾಡುವುದು ಅದರ ನೂರು ಕೆಲಸಗಳಲ್ಲಿ ಒಂದು, ಉಳಿದವೆಲ್ಲ ಅದೇ ಹೊತ್ತಿಗೆ ಕೈ ಜಗ್ಗುತ್ತಿರುತ್ತವೆ.

ನನ್ನ ವಯಸ್ಸಿನವರು ಮತ್ತೆ ಲ್ಯಾಂಡ್‌ಲೈನ್ ಹಿಂದೆ ಬಿದ್ದಿರುವುದು ನಮ್ಮ ಅಪ್ಪನಿಗೆ ಆಶ್ಚರ್ಯ. "ನಾವು ಅದನ್ನ ಬಿಟ್ಟು ಮೊಬೈಲ್ ತಗೊಂಡ್ವಿ, ನೀವು ಈಗ ಅದನ್ನೇ ಹುಡುಕ್ಕೊಂಡು ಹೋಗ್ತೀರಲ್ಲ" ಅಂದರು. ಅವರಿಗೆ ಅದು ಬಿಟ್ಟು ಬಂದ ವಸ್ತು. ನನಗೆ ಹಾಗಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಮನೆಯಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಾಗಿತ್ತು. ಹಾಗಾಗಿ ಇದನ್ನು ಹಳೆಯ ನೆನಪಿನ ಮೋಹ ಅಂದರೆ ನಾನು ಒಪ್ಪುವುದಿಲ್ಲ. ನೆನಪೇ ಇಲ್ಲದವರಿಗೆ ಅದರ ಮೋಹ ಎಲ್ಲಿಂದ ಬರಬೇಕು? ನಮಗೆ ಬೇಕಾಗಿರುವುದು ಒಂದೇ ಕೆಲಸ ಮಾಡುವ, ಅದನ್ನು ಚೆನ್ನಾಗಿ ಮಾಡುವ ಒಂದು ಯಂತ್ರ.

ಮನೆಯಲ್ಲಿ ಈಗ ಎರಡು ಫೋನುಗಳಿವೆ. ಒಂದು ಹೊಸದು, ಹಗುರವಾದ ಬಟನ್ ಫೋನ್. ಇನ್ನೊಂದು ಹಳೆಯದು, ಯಾರೋ ಬಳಸಿ ಬಿಟ್ಟದ್ದನ್ನು ರಿಪೇರಿ ಮಾಡಿ ಮಾರಿದ್ದು. ಅದೂ ಬಟನ್ನಿನದೇ. ಆದರೆ ಒಳಗೆ ನಿಜವಾದ ಲೋಹದ ಗಂಟೆ ಇದೆ. ಎರಡನ್ನೂ ಅದಲು ಬದಲು ಮಾಡಿ ಬಳಸಿದ್ದೇನೆ. ಹೋಲಿಸಿದರೆ ಹಳೆಯದೇ ಗೆಲ್ಲುತ್ತದೆ, ಅದೂ ತೂಕದಲ್ಲಿ.

ತೂಕ ಯಾಕೆ ಮುಖ್ಯ ಅಂತ ಬಳಸಿದರೇ ಗೊತ್ತಾಗುವುದು. ಹೊಸ ಫೋನಿನ ರಿಸೀವರ್ ಹಿಡಿದು ಕುರ್ಚಿಯಲ್ಲಿ ಒಂಚೂರು ಹಿಂದಕ್ಕೆ ಒರಗಿದರೆ ಸಾಕು, ವೈರಿನ ಜೊತೆ ಫೋನೂ ಮೇಜಿನ ಮೇಲೆ ಸರ್ರನೆ ಜಾರಿ ಬರುತ್ತದೆ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇರಬೇಕು. ಹಳೆಯದು ಕೂತಲ್ಲಿಂದ ಅಲುಗುವುದಿಲ್ಲ. ಅದರ ರಿಸೀವರ್ ಕೂಡ ಅಂಗೈ ತುಂಬುತ್ತದೆ. ಬೆನ್ನು ಚಪ್ಪಟೆಯಾಗಿದೆ, ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿದರೆ ಜಾರುವುದಿಲ್ಲ. ಇದು ಸುಮ್ನೆ ಬಂದ ಆಕಾರವಲ್ಲ. ಹೆನ್ರಿ ಡ್ರೇಫಸ್ ಅನ್ನುವ ವಿನ್ಯಾಸಕಾರರು ಅಮೆರಿಕದ ಬೆಲ್ ಕಂಪನಿಗಾಗಿ ರೂಪಿಸಿದ ಮಾಡೆಲ್ 500 ಫೋನ್ 1949ರಲ್ಲಿ ಬಂತು. ಅದರ ರಿಸೀವರ್‌ನ ಬೆನ್ನನ್ನು ಭುಜದ ಮೇಲೆ ನಿಲ್ಲುವಂತೆ ಚಪ್ಪಟೆ ಮಾಡಿದ್ದರು. ಆಮೇಲೆ ಬಂದ ಎಷ್ಟೋ ಫೋನುಗಳು ಅದೇ ದಾರಿ ಹಿಡಿದವು. ಕಿವಿಗೂ ಬಾಯಿಗೂ ಇರುವ ದೂರವನ್ನು ಲೆಕ್ಕ ಹಾಕಿ ಮಾಡಿದ ವಸ್ತು ಅದು. ಮೊಬೈಲ್ ಮಾಡುವುದು ಜೇಬಿನ ಅಳತೆಗೆ. ಅರ್ಧ ಗಂಟೆ ಹಿಡಿದರೆ ಯಾವುದು ಮುಖಕ್ಕೆ ಮಾಡಿದ್ದು ಅಂತ ಕೈಗೇ ತಿಳಿಯುತ್ತದೆ.

ಬಟನ್ನುಗಳ ಬಗ್ಗೆಯೂ ಹೇಳಬೇಕು. ಪ್ರತಿ ಬಟನ್ ಒತ್ತಿದಾಗಲೂ ಬರುವ "ಪೀಂ" ಅನ್ನುವ ಸದ್ದು ಎರಡು ಸ್ವರಗಳ ಜೋಡಿ. 5 ಒತ್ತಿದರೆ 770 ಹರ್ಟ್ಸ್ ಮತ್ತು 1336 ಹರ್ಟ್ಸ್ ಒಟ್ಟಿಗೆ ಕೇಳುತ್ತವೆ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ). ಅಡ್ಡಸಾಲಿಗೆ ಒಂದು ಸ್ವರ, ಕಂಬಸಾಲಿಗೆ ಒಂದು ಸ್ವರ. ಆ ಜೋಡಿಯಿಂದಲೇ ಆ ಕಡೆಯ ಯಂತ್ರ ಯಾವ ಅಂಕಿ ಅಂತ ಕಂಡುಹಿಡಿಯುತ್ತದೆ. ಜನರಿಗೆ ಈ ಬಟನ್ ಫೋನ್ ಮೊದಲು ಸಿಕ್ಕಿದ್ದು 1963ರಲ್ಲಿ, ಅಮೆರಿಕದಲ್ಲಿ. ಈಗ ಅಮ್ಮನ ನಂಬರ್ ನನಗೆ ರಾಗವಾಗಿ ಬಾಯಿಗೆ ಬರುತ್ತದೆ. ನಂಬರುಗಳನ್ನು ಬಾಯಿಪಾಠ ಮಾಡಿಕೊಂಡದ್ದು ಇದೇ ಮೊದಲು. ಫೋನ್ ಪಕ್ಕದಲ್ಲಿ ಸಣ್ಣ ಪುಸ್ತಕ ಇಟ್ಟಿದ್ದೇನೆ, ಆದರೆ ಬೇಕಾದವರ ನಂಬರಿಗೆ ಅದನ್ನು ತೆರೆಯುವುದೇ ಕಮ್ಮಿ.

ಇನ್ನು ರಿಸೀವರ್ ಎತ್ತಿದಾಗ ಆಗುವುದು. ತಾಮ್ರದ ತಂತಿಯ ಹಳೆಯ ಲೈನಾದರೆ ಎಕ್ಸ್‌ಚೇಂಜಿನಿಂದ (ಊರಿನ ಲೈನುಗಳೆಲ್ಲ ಬಂದು ಕೂಡುವ ಕಚೇರಿ) ಸುಮಾರು 48 ವೋಲ್ಟ್ ಸದಾ ಆ ವೈರಿನಲ್ಲಿ ಕಾಯುತ್ತಿರುತ್ತದೆ. ರಿಸೀವರ್ ಇಟ್ಟಿರುವಾಗ ದಾರಿ ತುಂಡಾಗಿರುತ್ತದೆ, ಕರೆಂಟ್ ಹರಿಯುವುದಿಲ್ಲ. ಎತ್ತಿದ ಕೂಡಲೇ ಕೆಳಗಿನ ಗುಂಡಿ ಮೇಲೆ ಬಂದು ದಾರಿ ಕೂಡುತ್ತದೆ. ಕರೆಂಟ್ ಹರಿದದ್ದನ್ನು ನೋಡಿ "ಇವರು ಫೋನ್ ಎತ್ತಿದ್ದಾರೆ" ಅಂತ ಆ ಕಡೆಯ ಯಂತ್ರಕ್ಕೆ ಗೊತ್ತಾಗುತ್ತದೆ. ಆಗ ಡಯಲ್ ಟೋನ್, ಅಂದರೆ ನಂಬರ್ ಒತ್ತಬಹುದು ಅನ್ನುವ ಸದ್ದು, ಕಳಿಸುತ್ತದೆ. ಪಾಸ್‌ವರ್ಡ್ ಇಲ್ಲ, ಬೆರಳಚ್ಚು ಇಲ್ಲ, ಅಪ್‌ಡೇಟ್ ಮಾಡಿ ಅಂತ ಪೀಡಿಸುವುದಿಲ್ಲ. ಎತ್ತಿದೆ, ಲೈನ್ ಸಿಕ್ಕಿತು. ಫೈಬರ್ ಮೋಡೆಮ್ಮಿನ ಹಿಂದೆ "ಫೋನ್" ಅಂತ ಬರೆದ ಸಣ್ಣ ತೂತು ಇರುತ್ತದಲ್ಲ, ಅದು ಮಾಡುವುದೂ ಇದೇ ಕೆಲಸ. ಎಕ್ಸ್‌ಚೇಂಜಿನ ಬದಲು ತಾನೇ ವೋಲ್ಟೇಜ್ ಕೊಟ್ಟು, ತಾನೇ ಡಯಲ್ ಟೋನ್ ಕೇಳಿಸುತ್ತದೆ. ನನ್ನದು ಈ ಎರಡನೇ ಬಗೆ.

ಈಗ ಧ್ವನಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ "ಲ್ಯಾಂಡ್‌ಲೈನ್ ಕ್ಲಿಯರ್ ಆಗಿರುತ್ತೆ" ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ನಿಜ. ಹಳೆಯ ಫೋನ್ ಜಾಲ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು. ಈಗಿನ ಮೊಬೈಲಿನ ಎಚ್‌ಡಿ ಕರೆ 7000 ಹರ್ಟ್ಸ್‌ವರೆಗೂ ಹೋಗುತ್ತದೆ. ಅಂದರೆ ಎರಡೂ ಕಡೆ ಸಿಗ್ನಲ್ ಚೆನ್ನಾಗಿದ್ದಾಗ ಮೊಬೈಲಿನ ಧ್ವನಿಯೇ ಜಾಸ್ತಿ ತುಂಬಿಕೊಂಡಿರುತ್ತದೆ. ಲ್ಯಾಂಡ್‌ಲೈನಿನಲ್ಲಿ "ಸ" ಮತ್ತು "ಫ" ಬೆರೆತುಹೋಗುತ್ತವೆ, ಅವುಗಳ ಗುರುತು ಇರುವುದು 3400ಕ್ಕಿಂತ ಮೇಲೆ. ಇಂಗ್ಲಿಷ್ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳುವಾಗ ಎಸ್ ಯಾವುದು, ಎಫ್ ಯಾವುದು ಅಂತ ಎರಡೆರಡು ಸಲ ಹೇಳಬೇಕಾಗುತ್ತದೆ. ಇದು ನಿಜವಾದ ಕೊರತೆ.

ಹಾಗಾದರೆ ಕಿವಿಗೆ ಯಾಕೆ ಹಿತ? ಮೊದಲನೆಯದು, ಧ್ವನಿ ಒಂದೇ ಸಮನಾಗಿರುತ್ತದೆ. ನಡುವೆ ಕರಗುವುದಿಲ್ಲ, ರೋಬೋಟ್ ಥರ ಆಗುವುದಿಲ್ಲ, "ಹಲೋ, ಕೇಳಿಸ್ತಿದೆಯಾ?" ಅನ್ನಬೇಕಾಗಿಲ್ಲ. ಎರಡನೆಯದು, ನಿಮ್ಮ ಧ್ವನಿ ನಿಮಗೇ ರಿಸೀವರ್‌ನಲ್ಲಿ ಮೆಲ್ಲಗೆ ಕೇಳಿಸುತ್ತದೆ. ಇದನ್ನು ಸೈಡ್‌ಟೋನ್ ಅನ್ನುತ್ತಾರೆ. ಹೋಗುವ ಮಾತು, ಬರುವ ಮಾತು ಎರಡೂ ಒಂದೇ ಜೋಡಿ ತಂತಿಯಲ್ಲಿ ಓಡಾಡುವುದರಿಂದ ನಮ್ಮ ಮಾತಿನ ಒಂದು ಪಾಲು ನಮ್ಮ ಕಿವಿಗೂ ಬರುತ್ತದೆ. ಅದನ್ನು ಪೂರ್ತಿ ತೆಗೆಯದೆ, ಹದವಾಗಿ ಉಳಿಸಿದ್ದಾರೆ. ಇದರಿಂದ ನಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಅಂತ ನನಗೇ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಅದು ತೀರಾ ಕಮ್ಮಿ. ಬಸ್ಸಿನಲ್ಲಿ ಜನ ಫೋನಿನೊಳಗೆ ಕೂಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ನಮ್ಮ ಮನೆಯಲ್ಲಿ ಈ ಫೋನ್ ಬಂದ ಮೇಲೆ ಅಕ್ಕನ ದನಿ ತಗ್ಗಿದೆ. ಮೊಬೈಲಿನಲ್ಲಾದರೆ ಅವಳ ಮಾತು ಮೂರು ಕೋಣೆಗೆ ಕೇಳುತ್ತಿತ್ತು. ಈಗ ಪಕ್ಕದಲ್ಲಿ ಕೂತವರಿಗೆ ಮಾತ್ರ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ತಡ ಇಲ್ಲದಿರುವುದು. 2009ರಲ್ಲಿ ಭಾಷಾ ಸಂಶೋಧಕರ ಒಂದು ತಂಡ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿತ್ತು. ಸೆಕೆಂಡಿನ ಐದನೇ ಒಂದು ಭಾಗ. ಹೆಚ್ಚುಕಮ್ಮಿ ಕಣ್ಣು ಮಿಟುಕಿಸುವಷ್ಟು ಹೊತ್ತು. ಮಾತು ಅಷ್ಟು ಬಿಗಿಯಾಗಿ ಕೈ ಬದಲಾಯಿಸುತ್ತದೆ. ಈಗ ನಡುವೆ ಒಂದು ಯಂತ್ರ ಬಂದು ಅದರ ಮೇಲೆ ಇನ್ನೊಂದು 200 ಮಿಲಿಸೆಕೆಂಡ್ ಸೇರಿಸಿದರೆ? ಬಿಡುವು ಎರಡರಷ್ಟಾಯಿತು. ಅವಳು ಯೋಚಿಸಿ ಹೇಳುತ್ತಿದ್ದಾಳೆ ಅಂತ ನನಗೆ ಅನ್ನಿಸುತ್ತದೆ. ಅಥವಾ ನನ್ನ ಮಾತು ಅವಳಿಗೆ ಹಿಡಿಸಲಿಲ್ಲ ಅಂತ ಅನ್ನಿಸುತ್ತದೆ. ನಾನು ಮತ್ತೆ ಶುರು ಮಾಡುತ್ತೇನೆ, ಅಷ್ಟರಲ್ಲಿ ಅವಳ ಮಾತೂ ಬರುತ್ತದೆ. ಇಬ್ಬರೂ ನಿಲ್ಲಿಸುತ್ತೇವೆ. "ನೀನು ಹೇಳು." "ಇಲ್ಲ, ನೀನೇ ಹೇಳು." ಇದು ಎಲ್ಲರಿಗೂ ಗೊತ್ತಿರುವ ಕಾಟ, ಅಲ್ವಾ?

ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡಿಗಿಂತ ಕಮ್ಮಿ ಹಿಡಿದರೆ ಒಳ್ಳೆಯದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಹತ್ತಿರದ ಎರಡು ತಾಮ್ರದ ಲೈನುಗಳ ನಡುವೆ ಕರೆ ಮಾಡಿದರೆ ತಡ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಫೈಬರ್ ಲೈನಿನಲ್ಲಿ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತಾರೆ, ಹಾಗಾಗಿ ಸ್ವಲ್ಪ ತಡ ಇದ್ದೇ ಇರುತ್ತದೆ. ಆದರೂ ನನ್ನ ಕಿವಿಗೆ ವ್ಯತ್ಯಾಸ ಸ್ಪಷ್ಟ. ನನ್ನ ಗೆಳತಿಯೂ ಒಂದು ವೈರಿನ ಫೋನ್ ತಂದುಕೊಂಡ ಮೇಲೆ ನಮ್ಮ ನಗು ಒಟ್ಟಿಗೆ ಬರತೊಡಗಿತು. ಮೊದಲೆಲ್ಲ ನಾನು ನಕ್ಕು ಮುಗಿಸುವ ಹೊತ್ತಿಗೆ ಅವಳ ನಗು ತಲುಪುತ್ತಿತ್ತು. ಈ ಫೋನಿಗೆ ನಾನು ಅಂಕ ಕೊಡುವುದಾದರೆ ಅರ್ಧದಷ್ಟು ಇದಕ್ಕೇ.

ವೈರಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಫೋನ್ ಇರುವುದು ನಡುಮನೆಯ ಕಿಟಕಿ ಪಕ್ಕ. ಒಂದು ಕುರ್ಚಿ, ಒಂದು ಸಣ್ಣ ಮೇಜು. ವೈರನ್ನು ಪೂರ್ತಿ ಎಳೆದರೆ ಕಿಟಕಿಯಿಂದ ಹೊರಗೆ ನೋಡಬಹುದು, ಆ ಕಡೆ ಗೋಡೆಗೆ ಒರಗಿ ನೆಲದ ಮೇಲೆ ಕೂರಬಹುದು. ಅಷ್ಟೇ ಜಾಗ. ಪಾತ್ರೆ ತೊಳೆಯಲು ಆಗುವುದಿಲ್ಲ, ಬಟ್ಟೆ ಮಡಿಸಲು ಆಗುವುದಿಲ್ಲ, ಲ್ಯಾಪ್‌ಟಾಪ್ ತೆರೆಯಲು ಆಗುವುದಿಲ್ಲ. ಮೇವಿದ್ದಲ್ಲಿ ಕರು ಕಟ್ಟಿದ ಹಾಗೆ. ಮೊದಮೊದಲು ಕೈಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸುರುಳಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿರುತ್ತಿದ್ದೆ. ಈಗಲೂ ಹಾಗೇ ಮಾಡುತ್ತೇನೆ. ಆದರೆ ಕಿವಿ ಬೇರೆ ಕಡೆ ಹೋಗುವುದಿಲ್ಲ. ಅಮ್ಮ ಮೊದಲು ಗಮನಿಸಿದ್ದು ಇದನ್ನೇ. "ಇವತ್ತು ಪೂರ್ತಿ ಕೇಳಿಸ್ಕೊಂಡೆ ಕಣೇ ನೀನು" ಅಂದರು. ಯಾವ ಫೋನಿನಿಂದ ಮಾಡಿದ್ದೇನೆ ಅಂತ ಅವರಿಗೆ ನಾನು ಹೇಳಿರಲಿಲ್ಲ.

ಸುರುಳಿ ವೈರಿನಲ್ಲಿ ನಾಲ್ಕು ಎಳೆಗಳಿರುತ್ತವೆ. ಎರಡು ಮೈಕಿಗೆ, ಎರಡು ಕಿವಿಯ ಕಡೆಗೆ. ಕೆಡುವುದು ಹೆಚ್ಚಾಗಿ ಈ ವೈರೇ, ಫೋನಲ್ಲ. ತಿರುಚಿಕೊಂಡು ಗಂಟು ಬೀಳುತ್ತದೆ, ಕೊನೆಗೊಂದು ದಿನ ಒಳಗಿನ ಎಳೆ ಕಡಿದು ಧ್ವನಿ ಬಂದು ಹೋಗಿ ಮಾಡುತ್ತದೆ. ಗಂಟು ಬಿಡಿಸುವುದು ಸುಲಭ. ರಿಸೀವರನ್ನು ಕೆಳಗೆ ತೂಗುಬಿಡಿ, ಅದೇ ಗಿರಗಿರ ತಿರುಗಿ ಬಿಚ್ಚಿಕೊಳ್ಳುತ್ತದೆ. ವೈರು ಕಡಿದರೆ ಎರಡೂ ತುದಿಯ ಪಿನ್ ಒತ್ತಿ ತೆಗೆದು ಹೊಸದು ಹಾಕಿದರೆ ಮುಗಿಯಿತು. ಉದ್ದದ ವೈರುಗಳು ಸಿಗುತ್ತವೆ, ಎಳೆದರೆ 25 ಅಡಿ ಬರುವಂಥವೂ ಇವೆ. ನಾನು ಬೇಡ ಅನ್ನುತ್ತೇನೆ. ಅಷ್ಟುದ್ದದ ವೈರು ಹಾಕಿದರೆ ಮತ್ತೆ ಅಡುಗೆಮನೆ, ಬಚ್ಚಲು ಅಂತ ಓಡಾಡಲು ಶುರು ಮಾಡುತ್ತೀರಿ. ಈ ಫೋನ್ ತಂದ ಉದ್ದೇಶವೇ ಹೋಯಿತು.

ಗುಟ್ಟಿನ ಮಾತಿಗೆ ಇದು ಒಳ್ಳೆಯದಲ್ಲ. ಮನೆಯಲ್ಲಿ ಬೇರೆಯವರಿದ್ದರೆ ನಿಮ್ಮ ಅರ್ಧ ಮಾತು ಅವರಿಗೂ ಕೇಳುತ್ತದೆ. ಅದನ್ನು ನಾನು ದೂರಾಗಿ ಹೇಳುತ್ತಿಲ್ಲ. ಅಕ್ಕನ ಗೆಳತಿಯರ ಸುದ್ದಿ ನನಗೂ, ನನ್ನ ಗೆಳತಿಯರ ಸುದ್ದಿ ಅವಳಿಗೂ ಈಗ ಗೊತ್ತು. ಫೋನ್ ಬಂದರೆ ಯಾರು ಹತ್ತಿರ ಇರುತ್ತಾರೋ ಅವರು ಎತ್ತುತ್ತಾರೆ. "ಒಂದ್ನಿಮಿಷ, ಕರೀತೀನಿ" ಅನ್ನುವುದಕ್ಕೆ ಮುಂಚೆ ಅವರ ಜೊತೆ ಎರಡು ಮಾತು ಆಗಿರುತ್ತದೆ. ನನ್ನ ಮೊಬೈಲಿಗೆ ಬಂದ ಕರೆಯನ್ನು ಅಕ್ಕ ಯಾವತ್ತೂ ಎತ್ತಿದವಳಲ್ಲ.

ಇನ್ನು ಬೇಸರದ ಪಟ್ಟಿ. ಮೊದಲನೆಯದು ಲೈನ್ ಹಾಕಿಸಿಕೊಳ್ಳುವುದು. ನಮ್ಮ ಇಂಟರ್‌ನೆಟ್ ಕೊಡುವವರ ಮೋಡೆಮ್ಮಿನಲ್ಲಿ ಫೋನ್ ತೂತು ಮೊದಲಿನಿಂದ ಇತ್ತು. ಆದರೆ ಫೋನ್ ಚುಚ್ಚಿದರೆ ಸದ್ದೇ ಇಲ್ಲ. ಅವರ ಕಡೆಯಿಂದ ಆ ಸೌಲಭ್ಯ ಆನ್ ಮಾಡಬೇಕಂತೆ. ಕರೆ ಮಾಡಿ ಕೇಳಿದರೆ ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. "ಮೊಬೈಲ್ ಇದೆಯಲ್ಲ ಮೇಡಂ, ಇದ್ಯಾಕೆ?" ಅಂತ ಕೇಳಿದವರೂ ಇದ್ದಾರೆ. ಕೊನೆಗೆ ಆಯಿತು, ಆದರೆ ಇಷ್ಟು ಸತಾಯಿಸಬೇಕಾದ ಕೆಲಸವಲ್ಲ ಅದು. ನೀವು ಫೋನ್ ಕೊಳ್ಳುವ ಮೊದಲೇ ಲೈನ್ ಕೊಡುವವರ ಹತ್ತಿರ ಮಾತಾಡಿ, ನಂಬರ್ ಕೈಗೆ ಬಂದ ಮೇಲೆ ಫೋನ್ ತನ್ನಿ.

ಎರಡನೆಯದು ಬೇಡದ ಕರೆಗಳು. ಸಾಲ ಬೇಕಾ, ಇನ್ಶೂರೆನ್ಸ್ ಬೇಕಾ ಅನ್ನುವವರು ಹೊಸ ನಂಬರನ್ನೂ ಬೇಗ ಹುಡುಕಿಕೊಂಡರು. ಪರದೆ ಇಲ್ಲದ ಫೋನಿನಲ್ಲಿ ಯಾರ ಕರೆ ಅಂತ ಎತ್ತುವ ತನಕ ಗೊತ್ತಾಗುವುದಿಲ್ಲ. ನಂಬರ್ ತೋರಿಸುವ ಸಣ್ಣ ಪರದೆಯ ಫೋನುಗಳಿವೆ, ಇದರಿಂದ ತುಂಬ ಕಾಟ ಅನ್ನಿಸಿದರೆ ಅಂಥದ್ದು ತಗೊಳ್ಳಿ. ನಾನು ಮಾಡಿದ್ದು ಬೇರೆ. ನಂಬರನ್ನು ಬೇಕಾದವರಿಗೆ ಮಾತ್ರ ಕೊಟ್ಟಿದ್ದೇನೆ. ಯಾವ ಫಾರ್ಮಿನಲ್ಲೂ ಬರೆಯುವುದಿಲ್ಲ. ಮಾರುವವರ ಕರೆ ಬಂದರೆ ಬೇಡ ಅಂತ ಹೇಳಿ ಇಡುತ್ತೇನೆ.

ಮೂರನೆಯದು ಕರೆಂಟ್. ಇದನ್ನು ಗಂಭೀರವಾಗಿ ತಗೊಳ್ಳಿ. ತಾಮ್ರದ ಲೈನಿನಲ್ಲಿ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತದೆ, ಅಲ್ಲಿ ದೊಡ್ಡ ಬ್ಯಾಟರಿಗಳಿರುತ್ತವೆ. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಬದುಕಿರುತ್ತದೆ. "ಲ್ಯಾಂಡ್‌ಲೈನ್ ಯಾವಾಗಲೂ ಕೆಲಸ ಮಾಡುತ್ತೆ" ಅನ್ನುವ ಮಾತು ಬಂದದ್ದು ಅಲ್ಲಿಂದ. ಫೈಬರ್ ಲೈನಿಗೆ ಆ ಮಾತು ಹೊಂದುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆಯೇ ಹೊರತು ಕರೆಂಟ್ ಹೋಗುವುದಿಲ್ಲ. ಮೋಡೆಮ್ ಆರಿದರೆ ಫೋನೂ ಆರಿತು. ತಾಮ್ರದ ಲೈನುಗಳು ಒಂದೊಂದಾಗಿ ಮುಚ್ಚುತ್ತಿವೆ. ಬ್ರಿಟನ್ ತನ್ನ ಹಳೆಯ ಫೋನ್ ಜಾಲವನ್ನು 2027ರ ಜನವರಿಯೊಳಗೆ ನಿಲ್ಲಿಸಲು ಹೊರಟಿದೆ. ಹಾಗಾಗಿ ಈಗ ಹೊಸದಾಗಿ ಲೈನ್ ತಗೊಳ್ಳುವವರಲ್ಲಿ ಹೆಚ್ಚಿನವರಿಗೆ ಸಿಗುವುದು ಇಂಟರ್‌ನೆಟ್ ಮೂಲಕ ಹೋಗುವ ಲೈನೇ. ಮೋಡೆಮ್ಮಿಗೆ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಇಟ್ಟುಕೊಳ್ಳಿ. ವಯಸ್ಸಾದವರು ಇರುವ ಮನೆಯಾದರೆ ತಪ್ಪದೆ ಇಡಿ.

ಗಂಟೆಯನ್ನು ನಾನು ಬೇಸರದ ಪಟ್ಟಿಗೆ ಸೇರಿಸುವುದಿಲ್ಲ. ರಿಂಗಾಗುವಾಗ ಲೈನಿನಲ್ಲಿ ಸುಮಾರು 75ರಿಂದ 90 ವೋಲ್ಟಿನ ಎಸಿ, ಅಂದರೆ ದಿಕ್ಕು ಬದಲಾಯಿಸುತ್ತಿರುವ ಕರೆಂಟ್, ಬರುತ್ತದೆ, ಸೆಕೆಂಡಿಗೆ 20 ಅಥವಾ 25 ಸಲ ಆ ಕಡೆ ಹೋಗಿ ಈ ಕಡೆ ಬರುತ್ತಾ. ಅದಕ್ಕೆ ತಕ್ಕಂತೆ ಒಳಗಿನ ಸಣ್ಣ ಸುತ್ತಿಗೆ ಎರಡು ಲೋಹದ ಬಟ್ಟಲುಗಳ ನಡುವೆ ಆ ಕಡೆ ಈ ಕಡೆ ಬಡಿಯುತ್ತದೆ. ಹಳೆಯ ಫೋನಿನ ತಳ ಬಿಚ್ಚಿ ನೋಡಿದ್ದೇನೆ. ಒಂದು ಬಟ್ಟಲಿನ ಸ್ವರ ಇನ್ನೊಂದಕ್ಕಿಂತ ಸ್ವಲ್ಪ ಮೇಲೆ. ಆ ಬೆರಕೆಯಿಂದ ಬರುವ ಸದ್ದು ಮನೆಯ ಮೂಲೆ ಮೂಲೆಗೂ ಮುಟ್ಟುತ್ತದೆ, ಆದರೂ ಕಿವಿಗೆ ಚುಚ್ಚುವುದಿಲ್ಲ. ಹೊಸ ಫೋನಿನ ರಿಂಗು ಕೀರಲು. ಸಣ್ಣ ಸ್ಪೀಕರಿನ ಕಿರಿಕಿರಿ. ಬರೀ ಇದಕ್ಕಾಗಿಯೇ ಹಳೆಯದನ್ನು ಕೊಳ್ಳಬಹುದು. ಒಂದು ಎಚ್ಚರಿಕೆ: ಕೆಲವು ಮೋಡೆಮ್‌ಗಳು ಮತ್ತು ಅಡಾಪ್ಟರ್‌ಗಳು ಕೊಡುವ ರಿಂಗಿನ ಶಕ್ತಿ ಲೋಹದ ಗಂಟೆಗೆ ಸಾಲದು. ಗಂಟೆ ಬಡಿಯದೆ ಬರೀ "ಟಿಕ್ ಟಿಕ್" ಅನ್ನುತ್ತದೆ. ಮಾರುವವರ ಹತ್ತಿರ ವಾಪಸ್ ತಗೊಳ್ಳುತ್ತೀರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಬ್ಲೂಟೂತ್ ದಾರಿಯೂ ಒಂದಿದೆ. ಸಣ್ಣ ಡಬ್ಬಿ, ಒಂದು ಕಡೆ ನಿಮ್ಮ ಮೊಬೈಲಿಗೆ ಕೂಡಿಕೊಳ್ಳುತ್ತದೆ, ಇನ್ನೊಂದು ಕಡೆ ವೈರಿನ ಫೋನ್ ಚುಚ್ಚುವ ತೂತು. ಮೊಬೈಲಿಗೆ ಕರೆ ಬಂದರೆ ಮೇಜಿನ ಫೋನ್ ರಿಂಗಾಗುತ್ತದೆ. 2025ರಲ್ಲಿ ಮಾರಾಟಕ್ಕೆ ಬಂದ ಫಿಸಿಕಲ್ ಫೋನ್ಸ್ ಅನ್ನುವ ಫೋನುಗಳೂ ಹೀಗೆ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಕೂಡಿಕೊಳ್ಳುವಂಥವೇ, ನನ್ನ ವಯಸ್ಸಿನವರಲ್ಲಿ ಅವುಗಳ ಮಾತು ಜೋರಾಗಿಯೇ ಇದೆ. ಗೆಳತಿಯ ಮನೆಯಲ್ಲಿ ಒಂದು ಡಬ್ಬಿಯನ್ನು ಬಳಸಿ ನೋಡಿದೆ. ಹೊಸ ಲೈನ್ ಬೇಡ, ಹೊಸ ನಂಬರ್ ಬೇಡ, ತಕ್ಷಣ ಶುರು. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬರಬಹುದು ಅನ್ನುವುದು ದೊಡ್ಡ ಲಾಭ. ರಿಸೀವರ್ ಹಿಡಿದು ಕೂರುವ ಸುಖವೂ ಸಿಗುತ್ತದೆ. ಆದರೆ ಮಾತು ಹೋಗುವುದು ಮೊಬೈಲಿನ ದಾರಿಯಲ್ಲೇ, ಅದರ ಮೇಲೆ ಬ್ಲೂಟೂತಿನ ತಡ ಬೇರೆ. ನಾನು ಮೇಲೆ ಹೇಳಿದ ಆ ಒಟ್ಟಿಗೆ ಬರುವ ನಗು ಇಲ್ಲಿ ಸಿಗಲಿಲ್ಲ. ಬಾಡಿಗೆ ಮನೆಯಲ್ಲಿ ಲೈನ್ ಹಾಕಿಸಲು ಆಗದವರಿಗೆ ಪರವಾಗಿಲ್ಲ. ಆಗುವವರು ಲೈನೇ ಹಾಕಿಸಿ.

ಮಕ್ಕಳಿಗಾಗಿ ಟಿನ್ ಕ್ಯಾನ್ ಅನ್ನುವ ಫೋನ್ ಬಂದಿದೆ. ವೈಫೈನಲ್ಲಿ ನಡೆಯುತ್ತದೆ, ಅಪ್ಪ ಅಮ್ಮ ಒಪ್ಪಿದ ನಂಬರುಗಳು ಮಾತ್ರ ಅದರಲ್ಲಿ ಕರೆ ಮಾಡಬಹುದು. ನಾನು ಬಳಸಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಯೋಚನೆ ಮಾತ್ರ ತುಂಬ ಇಷ್ಟವಾಯಿತು. ಎಂಟು ವರ್ಷದ ಮಗುವಿಗೆ ಗೆಳೆಯನ ಜೊತೆ ಮಾತಾಡಲು ಸ್ಕ್ರೀನ್ ಯಾಕೆ ಬೇಕು?

ಡಯಲ್ ತಿರುಗಿಸುವ ಫೋನ್ ತರುವ ಆಸೆ ಇರುವವರಿಗೆ ಒಂದು ಮಾತು. ಅದು ಅಂಕಿಗಳನ್ನು ಸ್ವರವಾಗಿ ಅಲ್ಲ, ಎಣಿಕೆಯಾಗಿ ಕಳಿಸುತ್ತದೆ. 3 ತಿರುಗಿಸಿದರೆ ಲೈನನ್ನು ಮೂರು ಸಲ ಕಡಿದು ಕೂಡಿಸುತ್ತದೆ, 0 ತಿರುಗಿಸಿದರೆ ಹತ್ತು ಸಲ. ಸೆಕೆಂಡಿಗೆ ಹತ್ತರಂತೆ. ಇಂಟರ್‌ನೆಟ್ ಲೈನಿನ ಎಷ್ಟೋ ಮೋಡೆಮ್‌ಗಳಿಗೆ ಈ ಎಣಿಕೆ ತಿಳಿಯುವುದಿಲ್ಲ. ಕರೆ ಬಂದರೆ ಮಾತಾಡಬಹುದು, ನೀವಾಗಿ ಕರೆ ಮಾಡಲು ಆಗುವುದಿಲ್ಲ. ಎಣಿಕೆಯನ್ನು ಸ್ವರಕ್ಕೆ ಬದಲಾಯಿಸುವ ಸಣ್ಣ ಸಾಧನಗಳು ಸಿಗುತ್ತವೆ, ಅದನ್ನೂ ಸೇರಿಸಿ ತನ್ನಿ. ಬಟನ್ ಫೋನಿನಲ್ಲಿ ಪಕ್ಕದಲ್ಲೋ ತಳದಲ್ಲೋ "ಪಲ್ಸ್, ಟೋನ್" ಅನ್ನುವ ಸ್ವಿಚ್ ಇದ್ದರೆ ಟೋನ್ ಕಡೆ ಇಡಿ.

ಹಳೆಯ ಫೋನ್ ಕೊಳ್ಳುವಾಗ ನಾನು ನೋಡುವುದು ಇಷ್ಟು. ರಿಸೀವರ್ ಇಡುವ ಗುಂಡಿಯನ್ನು ಒತ್ತಿ ಬಿಟ್ಟರೆ ತಡೆಯದೆ ಮೇಲೆ ಬರಬೇಕು. ಅದು ಕೆಳಗೇ ಸಿಕ್ಕಿಕೊಂಡರೆ ಎತ್ತಿದರೂ ಲೈನ್ ಸಿಗುವುದಿಲ್ಲ, ಕೆಳಗೆ ಹೋಗದೆ ಸಿಕ್ಕಿಕೊಂಡರೆ ಲೈನ್ ಯಾವಾಗಲೂ ಎಂಗೇಜ್ ಬರುತ್ತದೆ. ಎಲ್ಲ ಬಟನ್ ಒತ್ತಿ ಸ್ವರ ಕೇಳಿ. ಒಂದೇ ಸಾಲಿನ ಬಟನ್ನುಗಳೆಲ್ಲ ಮೂಕವಾಗಿದ್ದರೆ ಬಿಟ್ಟುಬಿಡಿ. ಮೈಕು ಗೊರಗೊರ ಅಂದರೆ ಹೆದರಬೇಡಿ. ಹಳೆಯ ಮೈಕುಗಳೊಳಗೆ ಇದ್ದಿಲಿನ ಕಣಗಳಿರುತ್ತವೆ, ಬಳಸದೆ ಇಟ್ಟಾಗ ಗಟ್ಟಿಯಾಗಿ ಕೂತಿರುತ್ತವೆ. ರಿಸೀವರನ್ನು ಅಂಗೈಗೆ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಸರಿಹೋಗುತ್ತದೆ. ಪ್ಲಾಸ್ಟಿಕ್ ಹಳದಿಯಾಗಿದ್ದರೆ ಅದರಿಂದ ಕೆಲಸಕ್ಕೆ ತೊಂದರೆ ಇಲ್ಲ.

ಗೆಳತಿಯರಲ್ಲಿ ಈಗ ಕೆಲವರು ತಂದುಕೊಂಡಿದ್ದಾರೆ, ಇನ್ನೂ ಒಬ್ಬಳು ಯಾವುದು ತಗೊಳ್ಳಲಿ ಅಂತ ಕೇಳುತ್ತಿದ್ದಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಲೋಹದ ಗಂಟೆಯ, ಭಾರದ, ಬಟನ್ನಿನ ಹಳೆಯ ಫೋನ್ ಚೆನ್ನಾಗಿರುವುದು ಸಿಕ್ಕರೆ ಅದೇ. ಸಿಗದಿದ್ದರೆ ಹೊಸದರಲ್ಲಿ ತಳ ಭಾರ ಇರುವುದನ್ನು ಕೈಯಲ್ಲಿ ಎತ್ತಿ ನೋಡಿ ತಗೊಳ್ಳಿ. ವೈರು ಗಿಡ್ಡದ್ದೇ ಇರಲಿ, ಪಕ್ಕಕ್ಕೆ ಒಂದು ಒಳ್ಳೆಯ ಕುರ್ಚಿ ಹಾಕಿ. ಮಾತಾಡಲು ಯಾರಿದ್ದಾರೋ ಅವರಿಗೂ ಒಂದು ತೆಗೆಸಿಕೊಡಿ, ಯಾಕೆಂದರೆ ಇದರ ಪೂರ್ತಿ ಗುಣ ಗೊತ್ತಾಗುವುದು ಎರಡೂ ತುದಿಯಲ್ಲಿ ವೈರು ಇದ್ದಾಗಲೇ.